ಕಲಂ ನಾಲ್ಕು: ಅರ್ಹತೆ

ಗುರುವಾರ ಸಂಜೆ ನಾಲ್ಕಕ್ಕೆ ಬಾಗಿಲು ಮುಚ್ಚುತ್ತದೆ.
ಬಾಗಿಲೆಂದರೆ ಬಾಗಿಲಲ್ಲ, ಅರ್ಜಿ ತುಂಬುವ ಪರದೆ.
ನಾನು ಅದರ ಕಾವಲಿನವಳು:
ಬ್ರಾಡ್‌ಫರ್ಡ್, ಸಂಶೋಧನಾ ಕಚೇರಿ, ಮೂರನೇ ಮಹಡಿ,
ರೇಡಿಯೇಟರಿನ ಪಕ್ಕದ ಮೇಜು.
ಯಾರು ಅರ್ಹರು, ಯಾರಲ್ಲ ಎಂದು
ಗೆರೆ ಎಳೆಯುವುದಕ್ಕೆ ನನಗೆ ಸಂಬಳ.

ಎದುರಿಗೆ ಮಾರೀನ್ ಹೆಪ್‌ವರ್ತ್,
ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೇಳು ವರ್ಷ ಬಡಿಸಿ ನಿವೃತ್ತರು.
ಮಡಿಲಲ್ಲಿ ಹನ್ನೊಂದು ನೋಟ್‌ಬುಕ್.
ಪಕ್ಕದಲ್ಲಿ ಯೊಲಾನಾ, ಕೋಟು ಬಿಚ್ಚದೆ ಕೂತಿದ್ದಾಳೆ,
ಎದ್ದು ಹೋಗೆಂದರೆ ಸುಲಭವಾಗಲಿ ಅಂತ.

ನೋಟ್‌ಬುಕ್ಕಿನ ತುಂಬ ಗೋಡೆ.
ಹಾಲ್ರಾಯ್ಡ್ ಕೋರ್ಟಿನ ನಲವತ್ತೆರಡು ಮನೆ,
ತಿಂಗಳ ಮೊದಲ ಭಾನುವಾರ
ಮಕ್ಕಳ ಅಡಿಪಟ್ಟಿ ಹಿಡಿದು ಚಾವಣಿಯ ಮೂಲೆಯಿಂದ ಅಳೆದದ್ದು:
ಫ್ಲ್ಯಾಟ್ ಒಂಬತ್ತು, ಹದಿನಾಲ್ಕು ಸೆಂಟಿಮೀಟರ್, ಕಪ್ಪು.
ಫ್ಲ್ಯಾಟ್ ಹದಿನೇಳು, ಬಣ್ಣ ಹೊಡೆದು ಹೋದರು.
ಫ್ಲ್ಯಾಟ್ ಹದಿನೇಳು, ಮತ್ತೆ ಕಪ್ಪು.
ಅಂಚಿನಲ್ಲಿ ಪೆನ್ಸಿಲ್: ಯೊಲಾನಾಳ ಚಿಕ್ಕವನು, ಇನ್‌ಹೇಲರ್, ರಾತ್ರಿ ಆರು ಸಲ.
ಕೌನ್ಸಿಲಿನವರು ಹೇಳಿದ್ದು: ಕಿಟಕಿ ತೆರೆದಿಡಿ,
ಒಳಗೆ ಬಟ್ಟೆ ಒಣಗಿಸಬೇಡಿ, ಉಸಿರು ಕಡಿಮೆ ಬಿಡಿ.
ಮೂರನೆಯದು ಮಾರೀನ್ ಸೇರಿಸಿದ್ದು.

ಅರ್ಜಿಯಲ್ಲಿ ಇದರ ಹೆಸರು
'ವಸತಿ ನ್ಯಾಯ ಮತ್ತು ಉಸಿರಾಟದ ಅಸಮಾನತೆ'.
ನನ್ನ ನಾಲಿಗೆಗೆ ಬಂದದ್ದು ಬೂಸ್ಟು.
ಉಪ್ಪಿನಕಾಯಿಗೆ ಹತ್ತಿದರೆ ಮೇಲಿನ ಪದರ ಕೆರೆದು ಎಸೆಯಬಹುದು.
ಮಗುವಿನ ಎದೆಗೆ ಹತ್ತಿದರೆ
ಯಾವ ಚಮಚ?

ಕಲಂ ನಾಲ್ಕು ಓದಿದೆ, ನಿಧಾನವಾಗಿ.
ಸಮುದಾಯವು ಸಂಶೋಧನೆಯಲ್ಲಿ ಸಮಪಾಲುದಾರ.
ಸಮಪಾಲುದಾರರಿಗೆ ಲಿಖಿತ ನಿಯಮಾವಳಿ ಇರತಕ್ಕದ್ದು,
ಸಂಸ್ಥೆಯ ಹೆಸರಲ್ಲಿ ಬ್ಯಾಂಕ್ ಖಾತೆ, ಎರಡು ವರ್ಷದ ಲೆಕ್ಕಪತ್ರ,
ಪರಸ್ಪರ ಸಂಬಂಧಿಕರಲ್ಲದ ಮೂವರು ಟ್ರಸ್ಟಿಗಳು.
'ಬಿಸ್ಕತ್ತಿನ ಡಬ್ಬಿ ಇದೆ' ಎಂದರು ಮಾರೀನ್.

ಅರ್ಜಿ ಬರೆದವಳು ಎಲೂನೆಡ್,
ಲಿಫ್ಟ್ ಕೆಟ್ಟ ಐದು ಮಹಡಿ ಎಂಟು ಸಲ ಹತ್ತಿದವಳು.
ಅವಳೂ ಅರ್ಹಳಲ್ಲ. ಯೋಜನೆ ಶುರು ಸೆಪ್ಟೆಂಬರಿಗೆ,
ಅವಳ ನೌಕರಿ ಮುಗಿಯುವುದು ಮಾರ್ಚಿಗೆ.
ಅರ್ಹರು ಒಬ್ಬರಿದ್ದಾರೆ, ಪ್ರೊಫೆಸರ್ ಕಾರ್‌ಸ್ಟೇರ್ಸ್,
ಖಾಯಂ, ಒಳ್ಳೆಯ ಮನುಷ್ಯ.
ಹಾಲ್ರಾಯ್ಡ್ ಕೋರ್ಟು ಊರಿನ ಯಾವ ಕಡೆ ಎಂದು
ನಿನ್ನೆ ಮೇಲ್ ಬರೆದು ಕೇಳಿದ್ದಾರೆ.
ಸಹಿ ಹಾಕುತ್ತಾರೆ.

ನಮ್ಮ ಕಡೆ ಈ ಮಾತು ಬೈಗುಳ:
'ನಿನ್ನ ಯೋಗ್ಯತೆ ಎಷ್ಟು?'
ಬೀದಿಯಲ್ಲಿ ಅಂದರೆ ಕೈ ಕೈ ಮಿಲಾಯಿಸುತ್ತದೆ.
ಅದನ್ನೇ ಇಲ್ಲಿ ನಾನು
ಚಹಾ ಕೊಟ್ಟು, ಕುರ್ಚಿ ಕೊಟ್ಟು,
ದಯವಿಟ್ಟು ಸೇರಿಸಿ ಕೇಳುತ್ತೇನೆ.

ಮಾರೀನ್ ಕನ್ನಡಕ ಒರೆಸಿಕೊಂಡರು.
'ಹಾಗಾದರೆ ಆ ಬೂಸ್ಟೇ ಅರ್ಜಿ ಹಾಕಲಿ.
ಹನ್ನೊಂದು ವರ್ಷದಿಂದ ಒಂದೇ ವಿಳಾಸ,
ವರ್ಷ ವರ್ಷ ಅಭಿವೃದ್ಧಿ,
ಇವತ್ತಿನವರೆಗೆ ಯಾರೂ ಖಾಲಿ ಮಾಡಿಸಿಲ್ಲ.'
ಯೊಲಾನಾ ನಕ್ಕಳು. ನಗು ಕೆಮ್ಮಿಗೆ ತಿರುಗಿತು,
ಬಹಳ ಹೊತ್ತು ನಿಲ್ಲಲಿಲ್ಲ.
ನಾನು ರೇಡಿಯೇಟರ್ ನೋಡಿದೆ.

'ಬೆಂಬಲಿಗರು' ಎಂಬ ಚೌಕದಲ್ಲಿ ಇವರ ಹೆಸರು ಹೊಡೆದೆ.
ನೂರೈವತ್ತು ಅಕ್ಷರದ ಮಿತಿ,
ನಲವತ್ತೆರಡು ಮನೆ ಹಿಡಿಸಲಿಲ್ಲ.
ಜುಬೇದಾ ಬೇಗಂ 'ಜುಬೇ'ಗೆ ನಿಂತರು,
ಅಲ್ಲಿಂದಾಚೆ ಮಿಡಿಯುವ ಕರ್ಸರು.

ಹೊರಡುವಾಗ ಬಸ್ಸಿನ ಮಾತು ಬಂತು.
ಮಾರೀನರಿಗೆ ಹಿರಿಯರ ಪಾಸಿದೆ, ಯೊಲಾನಾಳಿಗಿಲ್ಲ.
ಮಂಜೂರಾತಿಗೆ ಮುಂಚಿನ ಪ್ರಯಾಣ
ಅರ್ಹ ವೆಚ್ಚವಲ್ಲ.
ಪರ್ಸಿನಿಂದ ಮೂರು ಪೌಂಡ್ ತೆಗೆದು ಚಾಚಿದೆ, ಮುಖ ನೋಡದೆ.
ಮಾರೀನ್ ಮತ್ತೆ ಕೂತರು. ಹನ್ನೊಂದನೇ ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು
ಅಡಿಪಟ್ಟಿ ಒತ್ತಿಟ್ಟು ನೇರಕ್ಕೆ ಹರಿದು
ಬರೆದು ಕೊಟ್ಟರು:

'ಹಾಲ್ರಾಯ್ಡ್ ಕೋರ್ಟ್ ಬಾಡಿಗೆದಾರರಿಗೆ ಸಂದಾಯ,
ಮೂರು ಪೌಂಡ್. ಬಾಬ್ತು: ಸಂಶೋಧನೆ.'
ತಾರೀಕು. ಸಹಿ.
ಸಾಕ್ಷಿ, ಯೊಲಾನಾ.